ಗರ್ಭಸ್ಥ ಶಿಶುವಿನ ಮೆದುಳಿನ ರಕ್ಷಣೆ: ಯಂತ್ರಗಳ ನೆರವು, ತಾಯಿಯ ಎಚ್ಚರ

ಗರ್ಭದಲ್ಲಿರುವ ಶಿಶುವಿಗೆ ಆಮ್ಲಜನಕವು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ದೊರೆಯುತ್ತದೆ. ಹೆರಿಗೆ ನೋವು ಬಂದಾಗಲೆಲ್ಲ ಗರ್ಭಕೋಶ ಬಿಗಿದು ಈ ಪೂರೈಕೆ ಸ್ವಲ್ಪ ಹೊತ್ತು ತಗ್ಗುತ್ತದೆ. ಆರೋಗ್ಯವಂತ ಶಿಶು ಇದನ್ನು ತಾಳಿಕೊಳ್ಳಬಲ್ಲದು. ಆದರೆ ಕೊರತೆ ಮುಂದುವರಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ.

ಈ ಅಪಾಯದ ಸೂಚನೆ ಶಿಶುವಿನ ಹೃದಯ ಬಡಿತದಲ್ಲಿ ಕಾಣುತ್ತದೆ. ನಿಮಿಷಕ್ಕೆ 110ರಿಂದ 160 ಬಡಿತಗಳು ಸಹಜ. ಫ್ರಾನ್ಸಿನ ವೈದ್ಯ ಅಡಾಲ್ಫ್ ಪಿನಾರ್ 1895ರಲ್ಲಿ ರೂಪಿಸಿದ ತುತ್ತೂರಿಯಾಕಾರದ ಕೊಳವೆಯಿಂದ ಈ ಬಡಿತವನ್ನು ಕಿವಿಗೊಟ್ಟು ಕೇಳಬಹುದು. ಡಾಪ್ಲರ್ ಉಪಕರಣವು ಕಿವಿಗೆ ಕೇಳಿಸದ ಧ್ವನಿತರಂಗಗಳನ್ನು ಕಳುಹಿಸಿ, ಶಿಶುವಿನ ಹೃದಯಕ್ಕೆ ತಾಗಿ ಮರಳುವ ತರಂಗಗಳಿಂದ ಬಡಿತವನ್ನು ಗುರುತಿಸುತ್ತದೆ. ಬಡಿತ ಮತ್ತು ಗರ್ಭಕೋಶದ ಬಿಗಿತಗಳೆರಡನ್ನೂ ಒಟ್ಟಿಗೆ ದಾಖಲಿಸುವ ಯಂತ್ರಕ್ಕೆ ಕಾರ್ಡಿಯೋಟೋಕೋಗ್ರಾಫ್ ಎಂದು ಹೆಸರು.

ಆದರೆ ಯಂತ್ರ ತೋರಿಸುವ ಪ್ರತಿಯೊಂದು ಏರಿಳಿತವೂ ಅಪಾಯವಲ್ಲ. ಸತತವಾಗಿ ಯಂತ್ರ ಜೋಡಿಸುವುದರಿಂದ ನವಜಾತ ಶಿಶುಗಳಲ್ಲಿ ಫಿಟ್ಸ್ ಕಡಿಮೆಯಾದರೂ, ಸೆರೆಬ್ರಲ್ ಪಾಲ್ಸಿ ಎಂಬ ಅಂಗವೈಕಲ್ಯ ಕಡಿಮೆಯಾಗಿಲ್ಲ. ಶಸ್ತ್ರಚಿಕಿತ್ಸೆಯ ಹೆರಿಗೆಗಳು ಮಾತ್ರ ಹೆಚ್ಚಿವೆ ಎಂದು ಅಧ್ಯಯನಗಳು ತಿಳಿಸುತ್ತವೆ. ಆದುದರಿಂದ ಆರೋಗ್ಯವಂತ ಗರ್ಭಿಣಿಯರಲ್ಲಿ ಬಡಿತವನ್ನು ಡಾಪ್ಲರ್ ಅಥವಾ ಕೊಳವೆಯಿಂದ ನಿಯತಕಾಲಕ್ಕೆ ಕೇಳಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿದೆ. ಅಪಾಯದ ಲಕ್ಷಣಗಳಿರುವವರಿಗೆ ಸತತ ನಿಗಾ ಅಗತ್ಯವಾಗಬಹುದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಹುಟ್ಟಿದ ಕೂಡಲೇ ಅಳದ, ಹಾಲು ಕುಡಿಯದ ಅಥವಾ ಮಂಕಾಗಿರುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ನವಜಾತ ಶಿಶುವಿನ ಫಿಟ್ಸ್ ಅನೇಕ ವೇಳೆ ಹೊರಗೆ ಕಾಣುವುದೇ ಇಲ್ಲ. ತಲೆಯ ಮೇಲಿಟ್ಟ ಸಣ್ಣ ವಿದ್ಯುದ್ವಾರಗಳಿಂದ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಪರೀಕ್ಷೆ ಅದನ್ನು ಪತ್ತೆಹಚ್ಚುತ್ತದೆ. ಇದರಿಂದ ಮಗುವಿಗೆ ನೋವಾಗುವುದಿಲ್ಲ. ಮಾನವ ಮೆದುಳಿನ ಇಂತಹ ದಾಖಲೆಯನ್ನು ಜರ್ಮನಿಯ ಹಾನ್ಸ್ ಬೆರ್ಗರ್ 1924ರಲ್ಲಿ ಮೊದಲು ಪಡೆದರು.

ಯಂತ್ರಗಳು ಆಸ್ಪತ್ರೆಯಲ್ಲಿವೆ, ಮೊದಲ ಎಚ್ಚರಿಕೆ ತಾಯಿಯ ಬಳಿಯೇ ಇದೆ. ಶಿಶುವಿನ ಚಲನೆ ಎಂದಿಗಿಂತ ಕಡಿಮೆಯಾಯಿತೆಂದು ತೋರಿದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಹೆರಿಗೆ ಉಚಿತ. ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ. ಖರ್ಚಿನ ಭಯದಿಂದ ಯಾರೂ ತಡಮಾಡಬೇಕಾಗಿಲ್ಲ.