ಮೈನಸ್ ಚಿಹ್ನೆಯ ಜಗಳ

ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಿಸುವ ಸಮಿತಿಯ ಮುಂದೆ ತೆರೆದ ಕ್ವಾಂಟಮ್ ವ್ಯವಸ್ಥೆಗಳ ಕೆಲಸ ಇಡುವವರು ಇದನ್ನು ಓದಿಕೊಂಡು ಹೋಗಿ.

ನನ್ನದು ಪಠ್ಯಪುಸ್ತಕದ ಲೆಕ್ಕ. ಸೋರುವ ಕ್ಯಾವಿಟಿಯೊಳಗೆ ಒಂದು ಪರಮಾಣು. ರೋಹಿತ ಲೊರೆಂಟ್ಜಿಯನ್, ಅದರ ಅಗಲ ಲ್ಯಾಮ್ಡಾ, ಕಪ್ಲಿಂಗ್ ಗಾಮಾ. ಗಾಮಾ ಲ್ಯಾಮ್ಡಾದ ಅರ್ಧ ದಾಟಿದರೆ ಪರಿಸರಕ್ಕೆ ನೆನಪು ಬರುತ್ತದೆ. ನಾನು ಗಾಮಾವನ್ನು ಲ್ಯಾಮ್ಡಾದ 5 ಪಟ್ಟು ಇಟ್ಟಿದ್ದೆ. ಪರಮಾಣು ಉದ್ರಿಕ್ತವಾಗಿರುವ ಸಂಭವನೀಯತೆ 1ರಿಂದ ಇಳಿದು, ಲ್ಯಾಮ್ಡಾ ಗುಣಿಸು ಕಾಲ 1.26 ಆಗುವಾಗ ಸೊನ್ನೆ ಮುಟ್ಟಿ, 2.09ರ ಹೊತ್ತಿಗೆ ಮತ್ತೆ ಶೇ. 12ಕ್ಕೆ ಏರಿತ್ತು. ಕ್ಷಯದರದ ಗೆರೆ ಆ ಸೊನ್ನೆಯ ಹತ್ತಿರ ಅನಂತಕ್ಕೆ ಚಿಮ್ಮಿ, ಆಚೆಗೆ ಮೈನಸ್ಸಿನ ಆಳದಿಂದ ಮೇಲೆ ಬರುತ್ತಿತ್ತು.

ಸಮಿತಿಯ ಹಿರಿಯರು ಕನ್ನಡಕ ತೆಗೆದರು. "ದರ ಎಲ್ಲಾದರೂ ಮೈನಸ್ ಆಗುತ್ತೇನ್ರೀ? ತೂತು ಕೊಡದಿಂದ ಸೋರಿದ ನೀರು ವಾಪಸ್ ಹತ್ತುತ್ತಾ? ಸ್ಟೆಪ್ ಸೈಜ್ ಚಿಕ್ಕದು ಮಾಡಿ ನೋಡಿ." ಎಲ್ಲರೂ ನಕ್ಕರು. ನನ್ನ ಗೈಡ್ ಬಿಸ್ಕತ್ತಿನ ತಟ್ಟೆ ನೋಡುತ್ತ ಕೂತಿದ್ದರು. ಹೊಟ್ಟೆ ಉರಿದದ್ದು ಅದಕ್ಕೆ. ಎದ್ದು ಬೋರ್ಡಿನ ಮೇಲೆ ಬರೆದೆ: ಇಳಿಯುವ ಎಕ್ಸ್‌ಪೊನೆನ್ಶಿಯಲ್, ಅದರ ಪಕ್ಕ ಒಂದು ಕೊಸೈನ್, ಸೈನಿನ ಮೂರನೇ ಒಂದು ಪಾಲು. ಟ್ಯಾಂಜೆಂಟ್ ಮೈನಸ್ 3 ಆದಲ್ಲಿ ಸೊನ್ನೆ. ಕೈಯಲ್ಲೇ ಬಿಡಿಸಿದ ಲೆಕ್ಕಕ್ಕೆ ಎಂಥ ಸ್ಟೆಪ್ ಸೈಜ್? "ಟೈಮ್ ಆಯ್ತು" ಅಂದರು. ವರದಿಯಲ್ಲಿ "ಕೋಡ್ ಪರಿಶೀಲಿಸುವುದು" ಎಂಬ ಷರಾ.

1976ರಲ್ಲಿ ಲಿಂಡ್‌ಬ್ಲಾಡ್, ಅತ್ತ ಗೊರಿನಿ, ಕೊಸಕೋವ್ಸ್ಕಿ, ಸುದರ್ಶನ್ ಕೊಟ್ಟ ಸಮೀಕರಣದಲ್ಲಿ ದರ ಸೊನ್ನೆಗಿಂತ ಇಳಿಯುವಂತಿಲ್ಲ, ಒಪ್ಪಿದೆ. ಅದು ನೆನಪಿಲ್ಲದ ಪರಿಸರದ ಮಾತು. ಎರಡು ಸ್ಥಿತಿಗಳ ನಡುವಿನ ಟ್ರೇಸ್ ದೂರ ಕುಗ್ಗಿ ಮತ್ತೆ ಹಿಗ್ಗಿದರೆ ಮಾಹಿತಿ ಹಿಂದಕ್ಕೆ ಹರಿದಿದೆ ಎಂದು ಬ್ರೂಯರ್, ಲೈನೆ, ಪೀಲೊ 2009ರಲ್ಲೇ ಬರೆದಿದ್ದಾರೆ. 2011ರಲ್ಲಿ ಫೋಟಾನಿನ ಧ್ರುವೀಕರಣದಲ್ಲಿ ಅದನ್ನು ಪ್ರಯೋಗದಲ್ಲೂ ಕಂಡರು. ಆ ಪ್ರಯೋಗದ ಕ್ಯಾವಿಟಿಯನ್ನು ಸ್ವಲ್ಪ ವಾಲಿಸಿದರೆ ನೆನಪು ಬರುತ್ತಿತ್ತು, ಹೋಗುತ್ತಿತ್ತು. ಇದನ್ನು ಓದದವರು ಸಮಿತಿಯಲ್ಲಿ ಕೂರುತ್ತಾರೆ.

ಹಾಗಾಗಿ ದರದ ಗ್ರಾಫನ್ನು ಮೊದಲೇ ತೋರಿಸಬೇಡಿ, ಟ್ರೇಸ್ ದೂರ ತೋರಿಸಿ. ಅದನ್ನೇ ನಂಬಿ ಕೂರಲೂಬೇಡಿ: ಹಾಲ್ ಮತ್ತು ಸಂಗಡಿಗರ 2014ರ ಉದಾಹರಣೆಯಲ್ಲಿ ಒಂದು ದರ ಸದಾ ಮೈನಸ್, ಟ್ರೇಸ್ ದೂರ ಮಾತ್ರ ಒಮ್ಮೆಯೂ ಏರುವುದಿಲ್ಲ. ಪರಿಸರವನ್ನು ಕಂಪ್ಯೂಟರಿನಲ್ಲಿ ಕೆಲವೇ ಮೋಡ್‌ಗಳಿಂದ ಕಟ್ಟಿದ್ದರೆ ಸಂಖ್ಯೆ ಹೆಚ್ಚಿಸಿ ನೋಡಿ, ಸುಳ್ಳು ಮರುಕಳಿಕೆ ದೂರ ಸರಿಯುತ್ತದೆ. ಕೈಲೆಕ್ಕದ ಸ್ಲೈಡ್ ಒಂದಿರಲಿ.

ಎಸ್‌ಆರ್‌ಎಫ್ ಮುಂದಿನ ಸಭೆಯಲ್ಲಿ ಆಯಿತು, ಅದೇ ಗ್ರಾಫಿಗೆ. ಬಾಕಿ ಹಣ ಕೇಳಿದರೆ ಫೈಲು ಅಕೌಂಟ್ಸ್‌ನಲ್ಲಿದೆ ಅನ್ನುತ್ತಾರೆ.