ಕುದಿಸಿದರೆ ಸಾಕು ಅನ್ನಬೇಡಿ

ನೀರು ತಿಳಿಯಾಗಿದೆ, ವಾಸನೆಯಿಲ್ಲ, ಮೇಲಾಗಿ ಕುದಿಸಿ ಆರಿಸಿದ್ದೇವೆ, ಇನ್ನೇನು ಭಯ ಎಂದು ಬಸುರಿಯ ಕೈಗೆ ಲೋಟ ಕೊಡುತ್ತೀರಲ್ಲ, ಸ್ವಲ್ಪ ತಾಳಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ 1960ರ ದಶಕದ ಕೊನೆಯಿಂದ ಹಾಕಿದ ಹಲವು ನೀರಿನ ಪೈಪುಗಳ ಒಳಮೈಗೆ ವಿನೈಲ್ ಲೇಪಿಸಿದ್ದರು. ಅದಕ್ಕೆ ಬಳಸಿದ್ದು ಪಿಸಿಇ, ಡ್ರೈಕ್ಲೀನಿಂಗ್ ಅಂಗಡಿಗಳ ಅದೇ ದ್ರಾವಕ. ಅದು ಪೂರ್ತಿ ಆರದೆ ವರ್ಷಗಟ್ಟಲೆ ನೀರಿಗೆ ಜಿನುಗಿತು. ಗೊತ್ತಾದದ್ದು 1980ರಲ್ಲಿ. ನೀರಿನ ಓಟ ಕಡಿಮೆಯಿದ್ದ ಬೀದಿ ಕೊನೆಯ ಮನೆಗಳಿಗೇ ಹೆಚ್ಚು ಪಾಲು. ಗರ್ಭದಲ್ಲಿ, ಎಳವೆಯಲ್ಲಿ ಆ ನೀರು ಸೇರಿದ ಮಕ್ಕಳು ದೊಡ್ಡವರಾದ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಆಶೆಂಗ್ರೌ ಮತ್ತು ತಂಡದವರು ಅಧ್ಯಯನ ಮಾಡಿದರು. ಪಿಸಿಇ ಹೆಚ್ಚು ಸೇರಿದವರಲ್ಲಿ ಮಾದಕವಸ್ತು ಬಳಕೆ, ಬೈಪೋಲಾರ್ ಕಾಯಿಲೆ ಹೆಚ್ಚು ಕಂಡವು. ಬಣ್ಣ ಗುರುತಿಸುವಲ್ಲೂ ತಪ್ಪು ಹೆಚ್ಚು. ಕುಡಿದ ಪ್ರತಿ ಮಗುವಿಗೂ ಹೀಗಾಗುತ್ತದೆ ಎಂದಲ್ಲ, ಗಾಬರಿಯಾಗಬೇಡಿ.

ಕುದಿಸುವುದು ಕ್ರಿಮಿಗಳಿಗೆ ಮದ್ದು. ದ್ರಾವಕವಾದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನೇ ಉಸಿರಾಡುತ್ತೀರಿ. ಬಿಸಿನೀರಿನ ಸ್ನಾನದಲ್ಲೂ ಅಷ್ಟೇ. ಬರೀ ಯುವಿ ದೀಪದ ಫಿಲ್ಟರ್ ಇದನ್ನು ತೆಗೆಯದು. ಆಕ್ಟಿವೇಟೆಡ್ ಕಾರ್ಬನ್ ಬೇಕು, ಅದನ್ನೂ ಕಾಲಕಾಲಕ್ಕೆ ಬದಲಿಸಬೇಕು. ಟಿಡಿಎಸ್ ಮೀಟರ್‌ನ ಅಂಕಿ ನೋಡಿ ಸಮಾಧಾನ ಪಟ್ಟುಕೊಳ್ಳುವವರು ಬಹಳ; ಅದು ಅಳೆಯುವುದು ಉಪ್ಪು-ಖನಿಜಗಳನ್ನು, ಪಿಸಿಇಯನ್ನಲ್ಲ. ಬೋರ್‌ವೆಲ್ ಹತ್ತಿರ ಡ್ರೈಕ್ಲೀನಿಂಗ್ ಘಟಕವೋ ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುವ ಕಾರ್ಖಾನೆಯೋ ಇದ್ದರೆ, ಲ್ಯಾಬಿನಲ್ಲಿ ವಿಒಸಿ (ಬೇಗ ಆವಿಯಾಗುವ ಸಾವಯವ ರಾಸಾಯನಿಕಗಳ) ಪರೀಕ್ಷೆಯನ್ನೇ ಹೆಸರು ಹೇಳಿ ಕೇಳಿ. ಮನೆಯಲ್ಲಿ ಬಸುರಿಯೋ ಹಸುಗೂಸೋ ಇದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.