ರಣಭೂಮಿಯ ಕತ್ತಿಯನ್ನು ಓದುವುದು ಹೇಗೆ?

ಹಳೆಯ ರಣಭೂಮಿಯ ಮಣ್ಣಿನಿಂದ ತುಕ್ಕು ಹಿಡಿದ ಕತ್ತಿಯೊಂದು ಮೇಲಕ್ಕೆ ಬಂದರೆ, ಇದು ಯಾವ ರಾಜನದು ಎಂದು ಜನರು ಮೊದಲು ಕೇಳುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಅಲಗು ಎಲ್ಲಿ ಹುಟ್ಟಿತು, ಹಿಡಿ ಎಲ್ಲಿ ಹುಟ್ಟಿತು? ಎರಡೂ ಒಂದೇ ಊರಿನವಾಗಿರಬೇಕೆಂಬ ನಿಯಮವಿಲ್ಲ. ಈ ಸಲದ ಪಾಠಕ್ಕೆ ಇಂಗ್ಲಿಷ್ ಅಶ್ವದಳದ 1796ರ ಮಾದರಿಯ ಕತ್ತಿಯನ್ನು ತೆಗೆದುಕೊಳ್ಳೋಣ.

ಫ್ಲಾಂಡರ್ಸ್ ಯುದ್ಧದಲ್ಲಿ ತಮ್ಮ ಸವಾರರ ಕತ್ತಿಗಳ ಅವಸ್ಥೆಯನ್ನು ಕಂಡಿದ್ದ ಲೆ ಮಾರ್ಚಂಟ್ ಎಂಬ ಅಧಿಕಾರಿಯು, ಬರ್ಮಿಂಗ್‌ಹ್ಯಾಮಿನ ಆಸ್ಬಾರ್ನ್ ಎಂಬ ಕತ್ತಿ ತಯಾರಕನೊಡನೆ ಕೂಡಿ ಇದನ್ನು ರೂಪಿಸಿದನು. ಬಾಗಿದ ಅಲಗು, ಉದ್ದ ಸುಮಾರು 33 ಅಂಗುಲ. ತುದಿಯ ಕಡೆಗೆ ಕಿರಿದಾಗುವ ಬದಲು ಅಗಲವಾಗುತ್ತದೆ; ಭಾರವು ಕೊಡಲಿಯಂತೆ ಮುಂದಿರುವುದರಿಂದ ಇರಿಯುವುದಕ್ಕಿಂತ ಕಡಿಯುವುದಕ್ಕೇ ಅನುಕೂಲ. ಕೈಗೆ ಕಾವಲಾಗಿ ರಿಕಾಪಿನ ಆಕಾರದ ಕಬ್ಬಿಣದ ಪಟ್ಟಿಯೊಂದೇ. 1821ರಲ್ಲಿ ಬೇರೆ ಮಾದರಿ ಗೊತ್ತಾಗಿ ಹಳೆಯದು ಕ್ರಮೇಣ ಮೂಲೆಗೆ ಬಿತ್ತು.

ಮುಂದಿನದು ನಮ್ಮ ಹೈದರಾಬಾದಿನ ಓದುಗರಿಗೆ ವಿಶೇಷವಾಗಿ ರುಚಿಸೀತು. ಕ್ಯಾಪ್ಟನ್ ನೋಲನ್ ಎಂಬಾತ 1853ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿರುವ ಸಂಗತಿ. ನಿಜಾಮರ ಸವಾರರು ಸಂಖ್ಯೆಯಲ್ಲಿ ಕಡಮೆಯಿದ್ದರೂ ರೋಹಿಲರನ್ನು ಸದೆಬಡಿದರು. ವೈದ್ಯನ ವರದಿಯಲ್ಲಿ ಒಂದೇ ಏಟಿಗೆ ತೋಳು, ಕಾಲು, ತಲೆ ಹಾರಿಹೋದ ವಿವರಗಳಿದ್ದವು. ಅಂಥ ಕತ್ತಿ ಯಾವುದೆಂದು ವಿಚಾರಿಸಿದರೆ, ಬಹುಪಾಲು ಇಂಗ್ಲಿಷ್ ಸೈನ್ಯವೇ ಬಿಸುಟಿದ್ದ ಹಳೆಯ ಅಲಗುಗಳು! ಅವು 1796ರ ಮಾದರಿಯವೆಂದು ಕತ್ತಿ ಬಲ್ಲವರ ಎಣಿಕೆ. ಸವಾರರು ಅವಕ್ಕೆ ತಮ್ಮ ಪದ್ಧತಿಯ ಹಿಡಿ ಜೋಡಿಸಿ, ಬುಡದಿಂದ ತುದಿಯವರೆಗೆ ಕ್ಷೌರದ ಕತ್ತಿಯಂತೆ ಮಸೆದಿದ್ದರು.

ಗುಟ್ಟು ಇದ್ದುದು ಒರೆಯಲ್ಲಿ. ಇಂಗ್ಲಿಷ್ ಸವಾರನ ಒರೆ ಕಬ್ಬಿಣದ್ದು. ಕುದುರೆಯ ಹೆಜ್ಜೆಹೆಜ್ಜೆಗೂ ಅಲಗು ಅದಕ್ಕೆ ಉಜ್ಜುತ್ತದೆ. ಕವಾಯತಿನಲ್ಲಿ ಹಿರಿದು ಸೇರಿಸುವಾಗಲೆಲ್ಲ ಬಾಯಿ ಮೊಂಡಾಗುತ್ತದೆ. ನಿಜಾಮರ ಸವಾರರದು ಮರದ ಒರೆ. ಕತ್ತಿ ಅಲುಗದಂತೆ ಹಿಡಿಗೆ ಪಟ್ಟಿ ಹಾಯಿಸಿ ಗುಂಡಿಗೆ ಬಿಗಿಯುತ್ತಿದ್ದರು; ಕಾಳಗದ ಹೊರತು ಹಿರಿಯುತ್ತಲೇ ಇರಲಿಲ್ಲ. ಈಳಿಗೆಮಣೆಯ ಬಾಯಿ ಕಾಪಾಡುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಒಂದು ಸಾಮ್ರಾಜ್ಯದ ಸೇನಾ ಕಚೇರಿಗೆ ವಿವರಿಸಬೇಕಾಯಿತು.

ಆದುದರಿಂದ ದಖ್ಖನಿನ ನೆಲದಲ್ಲಿ ದೇಶೀ ಹಿಡಿಗೆ ಬರ್ಮಿಂಗ್‌ಹ್ಯಾಮಿನ ಅಲಗು ಕೂಡಿದ ಕತ್ತಿ ಸಿಕ್ಕರೆ ಬೆರಗಾಗಬೇಕಿಲ್ಲ. ಅದು ಯಾವ ಪಕ್ಷದ್ದೆಂದು ಹಿಡಿಯಿಂದಲೇ ತೀರ್ಮಾನಿಸುವುದೂ ಸಲ್ಲದು. ಈಗಿನ ಜಾಲ್ನಾ ಜಿಲ್ಲೆಯ ಅಸ್ಸಾಯೆಯಲ್ಲಿ 1803ರ ಸೆಪ್ಟೆಂಬರ್ 23ರಂದು ನಡೆದ ಯುದ್ಧವನ್ನೇ ನೋಡಿ. ಶಿಂದೆಯ ಸೈನ್ಯಕ್ಕೆ ಎದುರಾಗಿ ವೆಲ್ಲೆಸ್ಲಿಯ ಕಡೆಯಲ್ಲಿ ಇಂಗ್ಲಿಷ್ 19ನೆಯ ಡ್ರಗೂನರಲ್ಲದೆ ಮದರಾಸಿನ ದೇಶೀ ಅಶ್ವದಳಗಳೂ ಮೈಸೂರಿನ ಸವಾರರೂ ಇದ್ದರು. ಅಲ್ಲಿ ಸಿಕ್ಕ ದೇಶೀ ಕತ್ತಿ ಮರಾಠಾ ಸವಾರನದಾಗಿರಬಹುದು, ನಮ್ಮ ಮೈಸೂರಿನವನದೂ ಆಗಿರಬಹುದು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕಾಣುವ ಪ್ರತಿ ಕತ್ತಿಯೂ ಟಿಪ್ಪುವಿನದೇ ಎನ್ನುವವರ ಮಾತಿಗೆ ಸಂಬಳದ ಹಣ ಸುರಿಯಬೇಡಿ.

ರಜದಲ್ಲಿ ಊರಿಗೆ ಹೋದಾಗ ಉಳುವ ಹೊಲದಲ್ಲಿ ಇಂಥದೊಂದು ಸಿಕ್ಕೀತು. ಮರ, ಚರ್ಮ ಕೊಳೆತು ಹೋಗಿರುತ್ತವೆ. ತೆಳ್ಳಗಿನ ಬಾಯಿ ತುಕ್ಕಿಗೆ ಮೊದಲ ತುತ್ತು. ಮಣ್ಣಿನ ಉಪ್ಪು ಕಬ್ಬಿಣದೊಳಗೆ ಸೇರಿರುವುದರಿಂದ, ಹೊರಗೆ ತೆಗೆದ ಮೇಲೂ ತುಕ್ಕು ನಿಲ್ಲದೆ ಹಕ್ಕಳೆಯಾಗಿ ಉದುರುತ್ತದೆ. ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದರೆ ಅಲಗಿನ ಬೆನ್ನಿನ ಮೇಲೆ ಹಿಡಿಯ ಹತ್ತಿರ ಕೊರೆದಿರಬಹುದಾದ ತಯಾರಕನ ಹೆಸರು ಅಳಿಸಿಹೋಗುತ್ತದೆ. ಸಿಕ್ಕ ಜಾಗವನ್ನು ಗುರುತುಹಾಕಿಕೊಂಡು, ಒಣಗಿದ ಕಡೆ ಇಡಿ. ನೆಲದಲ್ಲಿ ಅಡಗಿದ್ದು ಸಿಕ್ಕ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತುವನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ. ನೂರು ವರ್ಷ ಮೀರಿದ ಇಂಥ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಗೂ ಒಳಪಡುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಆಯುಧಗಳ ವಿಭಾಗವುಂಟು. ಹೋದವರು ಹಿಡಿಯ ಚಿನ್ನದ ಕೆಲಸವನ್ನು ನೋಡಿಯಾದ ಮೇಲೆ ಅಲಗುಗಳನ್ನೂ ಒಂದಕ್ಕೊಂದು ಹೋಲಿಸಿ ನೋಡಿ. ಒರೆ ಜೊತೆಗಿದ್ದರೆ ಅದು ಮರದ್ದೋ ಲೋಹದ್ದೋ ಎಂಬುದನ್ನೂ ಗಮನಿಸಿ.